ಉರಿಯೂತಕ್ಕೆ ಮಿದುಳು ಹಾಕುವ ಕಡಿವಾಣ: ಅದಕ್ಕೆ ನೆರವಾಗುವ ಬಗೆ

ಸೋಂಕು ಅಥವಾ ಗಾಯವಾದಾಗ ರೋಗನಿರೋಧಕ ಕೋಶಗಳು ಸೈಟೊಕೈನ್‌ಗಳೆಂಬ ಸಂದೇಶವಾಹಕ ಪ್ರೋಟೀನ್‌ಗಳನ್ನು ಬಿಡುಗಡೆ ಮಾಡುತ್ತವೆ. ಅದರ ಸುದ್ದಿಯನ್ನು, ಮಿದುಳುಕಾಂಡದಿಂದ ಎದೆ–ಹೊಟ್ಟೆಯ ಅಂಗಗಳವರೆಗೆ ಹಬ್ಬಿರುವ ವೇಗಸ್ ನರವು ಮಿದುಳುಕಾಂಡಕ್ಕೆ ಮುಟ್ಟಿಸುತ್ತದೆ. ಉರಿಯೂತ ಅತಿಯಾಗದಂತೆ ಮಿದುಳು ಅದೇ ನರದ ಮೂಲಕವೂ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಹಾರ್ಮೋನಿನ ಮೂಲಕವೂ ತಡೆ ಹಾಕುತ್ತದೆ. ಅಮೆರಿಕದ ನರಶಸ್ತ್ರಚಿಕಿತ್ಸಕ ಕೆವಿನ್ ಟ್ರೇಸಿ 2002ರಲ್ಲಿ ಈ ನರಮಾರ್ಗವನ್ನು ‘ಉರಿಯೂತದ ಪ್ರತಿವರ್ತನೆ’ ಎಂದು ಕರೆದರು.

ಎಲ್ಲಕ್ಕಿಂತ ಮೊದಲು ನಿದ್ರೆಯನ್ನು ಕಾಪಾಡಿಕೊಳ್ಳಬೇಕು, ಏಕೆಂದರೆ ದೀರ್ಘಕಾಲದ ನಿದ್ರಾಹೀನತೆ ಉರಿಯೂತವನ್ನು ಹೆಚ್ಚಿಸುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿ, ಹಗಲೆಲ್ಲ ಕಾದ ಕಲ್ಲಿನ ಮನೆ ರಾತ್ರಿಯೂ ಆರದಿರುವಾಗ, ಸಂಜೆ ಮಾಳಿಗೆಗೆ ನೀರು ಚಿಮುಕಿಸಿ, ಸೊಳ್ಳೆಪರದೆ ಕಟ್ಟಿಕೊಂಡು ಅಲ್ಲಿಯೇ ಮಲಗುವ ಹಿರಿಯರ ರೂಢಿ ನನಗೆ ಅತ್ಯಂತ ವಿವೇಕದ್ದೆನಿಸುತ್ತದೆ. ಬಿಸಿಲೇರುವ ಮೊದಲೇ ಊರಿನ ಅಪ್ಪನ ಕೆರೆಯ ಸುತ್ತ ನಡೆಯಿರಿ.

ಅನಂತರ ಕುಳಿತು, ನಿಮಿಷಕ್ಕೆ ಸುಮಾರು 6 ಬಾರಿ, ಉಚ್ಛ್ವಾಸಕ್ಕಿಂತ ನಿಶ್ವಾಸ ದೀರ್ಘವಾಗುವಂತೆ ಉಸಿರಾಡಿದರೆ ಹೃದಯದ ಮೇಲೆ ವೇಗಸ್ ನರದ ಹಿಡಿತ ಹೆಚ್ಚುತ್ತದೆ. ಇದೊಂದರಿಂದಲೇ ಸಂಧಿವಾತ ವಾಸಿಯಾಗುತ್ತದೆಂಬ ಮಾತನ್ನು ಮಾತ್ರ ನಂಬಬೇಡಿ.

ಬಹುದಿನಗಳಿಂದ, ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುವ ಸ್ಟಿರಾಯ್ಡ್ ಮಾತ್ರೆ ಸೇವಿಸುವವರಲ್ಲಿ ಮಿದುಳು ಅಡ್ರಿನಲ್‌ಗೆ ಕಳುಹಿಸುವ ಸಂಕೇತ ಕುಗ್ಗಿರುತ್ತದೆ. ಆದ್ದರಿಂದ ಆ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸದೆ, ವೈದ್ಯರ ಸಲಹೆಯಂತೆ ಹಂತಹಂತವಾಗಿಯೇ ತಗ್ಗಿಸಬೇಕು.