ಗಾರ್ಮೆಂಟ್ಸ್ ಮುಚ್ಚಿದರೆ ಏನೇನು ಸಿಗುತ್ತದೆ? ಸಹಿ ಹಾಕುವ ಮೊದಲು ಓದಿ

2025ರ ಆಗಸ್ಟ್ 27ರಂದು ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ಅಲ್ಲಿನ ಅಂಗಡಿಗಳಿಗೆ ಶರ್ಟ್ ಹೊಲಿಯುವ ಕಾರ್ಖಾನೆಗೆ ಆರ್ಡರ್ ಕಮ್ಮಿಯಾದರೆ ಮೊದಲು ಓಟಿ ನಿಲ್ಲುತ್ತದೆ. ಆಮೇಲೆ ಒಂದು ಲೈನ್ ನಿಲ್ಲುತ್ತದೆ. ಕೊನೆಗೆ ಎಚ್‌ಆರ್‌ನವರು ಒಂದು ಕಾಗದ ಹಿಡಿದು ಬರುತ್ತಾರೆ. ಈ ಲೇಖನ ಹೆಚ್ಚಾಗಿ ಆ ಕಾಗದದ ಬಗ್ಗೆಯೇ.

ವಿದೇಶಿ ವ್ಯಾಪಾರದ ಹೊಡೆತಕ್ಕೆ ಕೆಲಸ ಕಳೆದುಕೊಂಡವರಿಗೆಂದೇ ಅಮೆರಿಕದಲ್ಲಿ 1962ರಲ್ಲೇ ಒಂದು ಯೋಜನೆ ಶುರುವಾಗಿತ್ತು. ಒಂದೇ ಕಾರ್ಖಾನೆಯ ಮೂವರು ಸೇರಿ ಅರ್ಜಿ ಹಾಕಬಹುದಿತ್ತು. ಕಾರಣ ಸಾಬೀತಾದರೆ ತರಬೇತಿ, ಭತ್ಯೆ ಎರಡೂ ಸಿಗುತ್ತಿತ್ತು. 2022ರ ಜುಲೈಯಿಂದ ಅದೂ ಹೊಸಬರಿಗೆ ಬಂದ್ ಆಗಿದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಯೋಜನೆ ಇಲ್ಲ. ಕೆಲಸ ಸುಂಕದಿಂದ ಹೋಯಿತೋ, ಮಾಲೀಕರ ಸಾಲದಿಂದ ಹೋಯಿತೋ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಕೇಳುವುದು ಒಂದೇ: ನೀವೇ ಬಿಟ್ಟಿರಾ, ಅವರು ತೆಗೆದರಾ?

ಹಾಗಾಗಿ ಮೊದಲ ಹೆಜ್ಜೆ, ಸಹಿ ಹಾಕದೆ ಇರುವುದು.

"ಇಲ್ಲೊಂದು ಸೈನ್ ಹಾಕಮ್ಮಾ, ಸೆಟಲ್‌ಮೆಂಟ್ ಬೇಗ ಆಗುತ್ತೆ" ಎನ್ನುತ್ತಾರೆ. ಕಾಗದ ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿ "ಸ್ವಂತ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ" ಎಂದಿದ್ದರೆ ಅದು ರಾಜೀನಾಮೆ. ರಾಜೀನಾಮೆ ಕೊಟ್ಟರೂ ಪಿಎಫ್ ಎಲ್ಲಿಗೂ ಹೋಗುವುದಿಲ್ಲ, ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿಯೂ (ದುಡಿದ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡುವ ಇಡುಗಂಟು) ಬರುತ್ತದೆ. ಆದರೆ ಕೆಲಸದಿಂದ ತೆಗೆದದ್ದಕ್ಕೆ ಸಿಗಬೇಕಾದ ಪರಿಹಾರ ಹೋಗುತ್ತದೆ. ಕಾರ್ಮಿಕರ ವಿಮೆ ಇಎಸ್‌ಐನ ದೊಡ್ಡ ಭತ್ಯೆಯೂ ಹೋಗುತ್ತದೆ. ಆದ್ದರಿಂದ "ಮನೆಯಲ್ಲಿ ತೋರಿಸಿ ಬರ್ತೀನಿ ಸಾರ್" ಎಂದು ಹೇಳಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಓದಿಸಿ. ಕಾರ್ಖಾನೆ ಮುಚ್ಚುತ್ತಿದೆ ಅಥವಾ ಕೆಲಸದಿಂದ ತೆಗೆಯುತ್ತಿದ್ದೇವೆ ಎಂದು ಬರೆದ ಪತ್ರವನ್ನೇ ಕೇಳಿ.

ಆಗಲೇ ಸಹಿ ಹಾಕಿಬಿಟ್ಟಿದ್ದರೆ? ತಡ ಮಾಡಬೇಡಿ. "ನಾನು ಇಷ್ಟಪಟ್ಟು ರಾಜೀನಾಮೆ ಕೊಟ್ಟಿಲ್ಲ" ಎಂದು ಕನ್ನಡದಲ್ಲೇ ಬರೆದು ಆಡಳಿತ ಮಂಡಳಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಒಂದು ಪ್ರತಿ ಕಾರ್ಮಿಕ ಇಲಾಖೆಗೂ ಹೋಗಲಿ. ಅಂಚೆ ರಸೀದಿ ಜೋಪಾನ. ಒಬ್ಬರೇ ಬರೆಯುವುದಕ್ಕಿಂತ ಇಡೀ ಲೈನ್‌ನವರು ಬರೆದರೆ ತೂಕ ಜಾಸ್ತಿ.

ಎರಡನೆಯದು, ಮಾಲೀಕರಿಂದ ಬರಬೇಕಾದ ದುಡ್ಡಿನ ಲೆಕ್ಕ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಒಂದು ವರ್ಷ ಸತತ ಕೆಲಸ ಮಾಡಿದವರನ್ನು ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡಬೇಕು. ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ಗ್ರಾಚ್ಯುಟಿ ಬೇರೆಯೇ ಲೆಕ್ಕ: ಬೇಸಿಕ್ ಮತ್ತು ಡಿಎ ಸೇರಿ ತಿಂಗಳಿಗೆ 13,000 ರೂಪಾಯಿ, ಎಂಟು ವರ್ಷದ ಸರ್ವಿಸ್ ಎಂದಿಟ್ಟುಕೊಳ್ಳಿ. 13,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 500. ಅದು 15 ದಿನಕ್ಕೆ 7,500, ಎಂಟು ವರ್ಷಕ್ಕೆ 60,000. ಇದನ್ನು 30 ದಿನದೊಳಗೆ ಕೊಡಬೇಕು.

ಹೊಸ ಕಾನೂನಿನಲ್ಲಿ ಇನ್ನೊಂದು ಇದೆ, ಮರುಕೌಶಲ ನಿಧಿ. ತೆಗೆದುಹಾಕಿದ ಪ್ರತಿ ಕಾರ್ಮಿಕರ ಲೆಕ್ಕಕ್ಕೆ ಮಾಲೀಕರು 15 ದಿನದ ಸಂಬಳ ಕಟ್ಟಬೇಕು. ಅದು 45 ದಿನದೊಳಗೆ ನಿಮ್ಮ ಬ್ಯಾಂಕ್ ಖಾತೆಗೆ ಬರಬೇಕು. ಬೇರೆ ಕೆಲಸ ಕಲಿಯಲಿ ಎಂದು ಕೊಡುವ ದುಡ್ಡು. 15 ದಿನದ ಸಂಬಳದಲ್ಲಿ ಯಾವ ಕೆಲಸ ಕಲಿಯಲು ಆಗುತ್ತದೋ ನನಗಂತೂ ತಿಳಿಯದು. ಆದರೂ ಬಿಡಬೇಡಿ, ಹೆಸರು ಹಿಡಿದು ಕೇಳಿ.

300ಕ್ಕಿಂತ ಕಮ್ಮಿ ಇಲ್ಲದಷ್ಟು ಜನರಿರುವ ಕಾರ್ಖಾನೆಗೆ ಸರ್ಕಾರದ ಅನುಮತಿ ಇಲ್ಲದೆ ಬೀಗ ಹಾಕುವಂತಿಲ್ಲ. ಹಾಕಿದರೆ ನೇರ ಕಾರ್ಮಿಕ ಇಲಾಖೆಗೆ ಹೋಗಿ.

ಮೂರನೆಯದು ಇಎಸ್‌ಐ. ಆಸ್ಪತ್ರೆಗಷ್ಟೇ ಇಎಸ್‌ಐ ಎಂದು ತುಂಬ ಜನ ತಿಳಿದಿದ್ದಾರೆ, ಅಲ್ವಾ? ಅಲ್ಲಿ ನಿರುದ್ಯೋಗ ಭತ್ಯೆಯೂ ಇದೆ. ಕಾರ್ಖಾನೆ ಮುಚ್ಚಿದ್ದರೆ ಅಥವಾ ನಿಮ್ಮನ್ನು ತೆಗೆದಿದ್ದರೆ ಕೇಳಬೇಕಾದದ್ದು ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ. ಎರಡು ವರ್ಷ ವಂತಿಗೆ ಕಟ್ಟಿರಬೇಕು. ಮೊದಲ 12 ತಿಂಗಳು ಕೂಲಿಯ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ ಬರುತ್ತದೆ. ಆ ಅವಧಿಯಲ್ಲಿ ಮನೆಯವರಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ. ಇನ್ನೊಂದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಜೀವಮಾನದಲ್ಲಿ ಒಮ್ಮೆ, ಹೆಚ್ಚೆಂದರೆ 90 ದಿನ, ಸರಾಸರಿ ಗಳಿಕೆಯ ಅರ್ಧ. ಈ ಯೋಜನೆ ಜಾರಿಯಲ್ಲಿರುವ ಅವಧಿಯನ್ನು ಆಗಾಗ ವಿಸ್ತರಿಸುತ್ತಿರುತ್ತಾರೆ, ಶಾಖಾ ಕಚೇರಿಯಲ್ಲಿ ಕೇಳಿಕೊಂಡು ಅರ್ಜಿ ಹಾಕಿ. ಎಷ್ಟೋ ಕಡೆ ಬರೀ 90 ದಿನದ್ದನ್ನು ಹೇಳಿ ಕಳಿಸುತ್ತಾರೆ. ಮೊದಲು 24 ತಿಂಗಳದ್ದನ್ನೇ ಕೇಳಿ. ಮುಚ್ಚುತ್ತಿದ್ದೇವೆ ಅಥವಾ ತೆಗೆಯುತ್ತಿದ್ದೇವೆ ಎಂಬ ಪತ್ರವನ್ನೇ ಕೇಳಿ ಎಂದದ್ದು ಇದಕ್ಕೇ.

ಕೊನೆಗೆ ಪಿಎಫ್. ಇದರ ಬೆಲೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನ ಹೆದ್ದಾರಿಗಳನ್ನೇ ತಡೆದರು. ಕೇಂದ್ರ ಸರ್ಕಾರ ಆ ಆದೇಶವನ್ನು ವಾಪಸ್ ಪಡೆಯಿತು. ಕೆಲಸ ಹೋದ ಕೂಡಲೇ ಶೇ 75 ತೆಗೆಯಬಹುದು, ಉಳಿದದ್ದು 12 ತಿಂಗಳ ನಂತರ ಎಂದು ಪಿಎಫ್ ಮಂಡಳಿ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ಕಂಪನಿಯವರು ಕೆಲಸ ಬಿಟ್ಟ ದಿನಾಂಕ ಹಾಕದಿದ್ದರೆ ಎರಡು ತಿಂಗಳು ಕಳೆದ ಮೇಲೆ ಯುಎಎನ್ (ನಿಮ್ಮ ಪಿಎಫ್ ನಂಬರ್) ಖಾತೆಯಲ್ಲಿ ನೀವೇ ಹಾಕಬಹುದು.

ಆದರೆ ಪಿಎಫ್‌ನ ಪಿಂಚಣಿ ಭಾಗವನ್ನು ಅವಸರದಲ್ಲಿ ತೆಗೆಯಬೇಡಿ. ಹತ್ತು ವರ್ಷ ತುಂಬಿದರೆ 58ಕ್ಕೆ ತಿಂಗಳ ಪಿಂಚಣಿ ಶುರುವಾಗುತ್ತದೆ. ಎಂಟು ವರ್ಷ ಮುಗಿದವರು ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ (ಈವರೆಗಿನ ವರ್ಷಗಳನ್ನು ಪಿಂಚಣಿ ಲೆಕ್ಕದಲ್ಲಿ ಉಳಿಸುವ ಪತ್ರ) ತೆಗೆದುಕೊಂಡು, ಮುಂದಿನ ಕೆಲಸದಲ್ಲಿ ಅದೇ ಯುಎಎನ್ ಕೊಟ್ಟರೆ ಉಳಿದ ಎರಡು ವರ್ಷ ಅಲ್ಲಿ ಸೇರಿಕೊಳ್ಳುತ್ತದೆ.

ಸಂಬಳದ ಚೀಟಿ, ಐಡಿ ಕಾರ್ಡ್, ಹಾಜರಿ ತೋರಿಸುವ ಯಾವುದೇ ಕಾಗದ ಇದ್ದರೆ ಇವತ್ತೇ ಫೋಟೊ ತೆಗೆದು ಮನೆಯವರ ವಾಟ್ಸ್ಆ್ಯಪಿಗೆ ಕಳಿಸಿಡಿ. ಗೇಟಿಗೆ ಬೀಗ ಬಿದ್ದ ಮೇಲೆ ಅದನ್ನು ಕೊಡಲು ಒಳಗೆ ಯಾರೂ ಇರುವುದಿಲ್ಲ.