ಮೀಟರಿಗೂ ಒಂದು ಕಿರ್ದಿ

ಗಾಂಧಿ ಚೌಕದ ಹತ್ತಿರ ಕೆಂಪು ರಟ್ಟಿನ ಉದ್ದನೆಯ ಪುಸ್ತಕ ಕೇಳಿದಾಗ ಅಂಗಡಿಯವರು ‘ಕಿರ್ದಿಗೋ, ಖತಾವಣಿಗೋ?’ ಎಂದು ಮರಳಿ ಕೇಳಿದರು. ಎರಡನ್ನೂ ತಂದೆ. ಒಲಿಂಪಿಕ್ಸ್‌ನಂಥ ಕೂಟದಲ್ಲಿ ಯಾರು ಒಟ್ಟು ಎಷ್ಟು ದೂರ ಓಡಿದರು, ಈಜಿದರು, ಸೈಕಲ್ ತುಳಿದರು ಎಂದು ಲೆಕ್ಕ ಇಡಲು ವಿಜಯಪುರದ ಅಡತಿ ಅಂಗಡಿಗಳ ಈ ಹಳೆಯ ಪದ್ಧತಿಯೇ ಸಾಕು. ವ್ಯವಹಾರ ನಡೆದಂತೆ ಕಿರ್ದಿಗೆ. ರಾತ್ರಿ ಕುಳಿತು ಹೆಸರುವಾರು ಖತಾವಣಿಗೆ.

ಮೊದಲು ಕಿರ್ದಿಯಲ್ಲಿ ಗೆರೆ ಎಳೆದು ಐದು ಕಾಲಂ ಮಾಡಿ: ತಾರೀಖು, ಹೆಸರು, ಸ್ಪರ್ಧೆ, ಹಂತ, ಮೀಟರ್. ಒಬ್ಬರು ಒಮ್ಮೆ ಕಣಕ್ಕಿಳಿದರೆ ಒಂದು ಸಾಲು.

‘ಹಂತ’ದ ಕಾಲಂ ಬಿಟ್ಟರೆ ಲೆಕ್ಕ ಕೆಟ್ಟಂತೆ. ಮೊದಲ ಸಲ ನಾನು ಅದನ್ನು ಹಾಕದೆ, ಫೈನಲ್‌ಗಳನ್ನಷ್ಟೇ ಬರೆಯುತ್ತ ಹೋದೆ. 2008ರ ಬೀಜಿಂಗ್‌ನಲ್ಲಿ ಎಂಟು ಚಿನ್ನ ಗೆದ್ದ ಈಜುಗಾರ ಮೈಕೆಲ್ ಫೆಲ್ಪ್ಸ್ ಹೆಸರಿಗೆ ಬಂದದ್ದು 1,500 ಮೀಟರ್. ಅನುಮಾನ ಬಂದು ಬಿಡಿಸಿ ನೋಡಿದೆ. ನಾಲ್ಕೂ ಶೈಲಿಗಳಲ್ಲಿ ಈಜುವ 400 ಮೀ. ಮೆಡ್ಲೆಗೆ ಹೀಟ್ಸ್ ಎಂಬ ಮೊದಲ ಸುತ್ತು, ಫೈನಲ್ ಸೇರಿ 800. 200 ಮೀಟರಿನ ಫ್ರೀಸ್ಟೈಲ್, ಬಟರ್‌ಫ್ಲೈ, ಮೆಡ್ಲೆ ಮೂರಕ್ಕೂ ಮೂರು ಮೂರು ಹಂತ, 1,800. 100 ಮೀ. ಬಟರ್‌ಫ್ಲೈ ಮೂರು ಹಂತಕ್ಕೆ 300. ಮೂರು ರಿಲೇಗಳಲ್ಲಿ ಅವರು ಈಜಿದ್ದು ಫೈನಲ್ ಮಾತ್ರ, 400. ಹದಿನೇಳು ಸಲ ನೀರಿಗಿಳಿದು ಒಟ್ಟು 3,300 ಮೀಟರ್! ಅರ್ಧಕ್ಕಿಂತ ಹೆಚ್ಚಿನ ಬಾಬ್ತು ನನ್ನ ಪುಸ್ತಕದಿಂದ ಬಿಟ್ಟುಹೋಗಿತ್ತು.

ಪ್ಯಾರಿಸ್ 2024ರಲ್ಲಿ ಇನ್ನೊಂದು ಹಂತವೂ ಸೇರಿತು. 200ರಿಂದ 1,500 ಮೀಟರ್‌ವರೆಗಿನ ಓಟಗಳಲ್ಲಿ ಮತ್ತು ಹರ್ಡಲ್ಸ್‌ನಲ್ಲಿ, ಹೀಟ್ಸ್‌ನಲ್ಲಿ ಹಿಂದೆ ಬಿದ್ದವರಿಗೆ ರೆಪೆಚೇಜ್ ಎಂಬ ಮರು ಅವಕಾಶ. ಜ್ಯೋತಿ ಯರ್ರಾಜಿ 100 ಮೀ. ಹರ್ಡಲ್ಸ್‌ನಲ್ಲಿ ಸೆಮಿಫೈನಲ್ ತಲುಪಲಿಲ್ಲ; ಆದರೂ ಅವರ ಹೆಸರಿಗೆ ಎರಡು ಸಾಲು, 200 ಮೀಟರ್ ಇದೆ. ಪದಕಪಟ್ಟಿಯಲ್ಲಿ ಕಾಣದವರು ಈ ಪುಸ್ತಕದಲ್ಲಿ ಕಾಣುವುದೇ ನನಗೆ ಇದರ ರುಚಿ.

ಎರಡನೆಯದು, ಯಾವ ಮೀಟರ್ ಬರೆಯಬೇಕು ಎಂಬ ತಕರಾರು. ಅಳತೆಬದ್ಧ ಟ್ರ್ಯಾಕ್‌ನ ಒಳ ಲೇನ್‌ನಲ್ಲಿ ಒಂದು ಸುತ್ತು 400 ಮೀಟರ್. ಎಂಟನೆಯ ಲೇನ್‌ನಲ್ಲಿ ಪೂರ್ತಿ ಸುತ್ತಿದರೆ ಸುಮಾರು 453. ಬೆಳಗ್ಗೆ ಹೊರ ಅಂಚಿನಲ್ಲಿ ಹತ್ತು ಸುತ್ತು ಹಾಕಿ ‘ನಾಲ್ಕು ಕಿಲೋಮೀಟರ್ ಆಯಿತು’ ಎಂದು ಚಹಾಕ್ಕೆ ಹೊರಡುವ ಹಿರಿಯರು ನಿಜವಾಗಿ ನಾಲ್ಕೂವರೆ ನಡೆದಿರುತ್ತಾರೆ. 10,000 ಮೀ. ಓಟದ 25 ಸುತ್ತನ್ನೂ ಎರಡನೆಯ ಲೇನ್‌ನಲ್ಲಿಯೇ ಓಡಿದವರ ಕಾಲಿಗೆ ಸುಮಾರು 176 ಮೀಟರ್ ಹೆಚ್ಚು ಬೀಳುತ್ತದೆ. ಅದನ್ನೆಲ್ಲ ಬರೆಯಲು ಹೋಗಬೇಡಿ. ಘೋಷಿತ ದೂರವೇ ಪ್ರಮಾಣ.

ಮ್ಯಾರಥಾನ್ ದಾರಿಯನ್ನು ಅಳೆಯುವುದು ಸೈಕಲ್ಲಿನಿಂದ ಎಂದರೆ ಸೈಕ್ಲಿಂಗ್ ಹುಚ್ಚಿನ ನಮ್ಮ ಜಿಲ್ಲೆಯವರಿಗೆ ಖುಷಿಯಾದೀತು. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಎಣಿಕೆಯ ಪುಟ್ಟ ಸಾಧನ ಕೂರಿಸುತ್ತಾರೆ. ಬಿಸಿಲಿಗೆ ಟೈರಿನ ಗಾಳಿ ಹಿಗ್ಗಿ ಎಣಿಕೆ ತಪ್ಪುವುದರಿಂದ, ಉಕ್ಕಿನ ಟೇಪಿನಿಂದ ಅಳೆದ ನೇರ ರಸ್ತೆಯಲ್ಲಿ ಮೊದಲೂ ಕೊನೆಗೂ ಸೈಕಲ್ ಓಡಿಸಿ ತಾಳೆ ನೋಡುತ್ತಾರೆ. ದಾರಿ ಗಿಡ್ಡವಾಗಬಾರದೆಂದು ಸಾವಿರಕ್ಕೆ ಒಂದು ಮೀಟರ್ ಕೊಸರು ಬೇರೆ. ಪೂರ್ತಿ ಮ್ಯಾರಥಾನ್‌ಗೆ ಅದು 42 ಮೀಟರ್. ನಿಮ್ಮ ಕಿರ್ದಿಗೆ ಮಾತ್ರ 42,195. ಇಲ್ಲಿಂದ ಬಸವನ ಬಾಗೇವಾಡಿ ಮುಟ್ಟಿದ ಹಾಗೆ.

ಮೂರನೆಯದು, ಓಟ, ಈಜು, ಸೈಕಲ್ ಮೂರನ್ನೂ ಒಂದೇ ಮೊತ್ತಕ್ಕೆ ಸುರಿಯಬೇಡಿ. ಪ್ಯಾರಿಸ್‌ನಲ್ಲಿ ರೆಮ್ಕೊ ಎವೆನೆಪೂಲ್ ರೋಡ್ ರೇಸ್‌ನಲ್ಲಿ ತುಳಿದದ್ದು 273 ಕಿ.ಮೀ.; ಸೊಲ್ಲಾಪುರಕ್ಕೆ ಹೋಗಿ ಬಂದು, ಮತ್ತೆ ಮುಕ್ಕಾಲು ದಾರಿ ಹೋದಷ್ಟು. ಅದರ ಪಕ್ಕದಲ್ಲಿ ಫೆಲ್ಪ್ಸ್ ಅವರ ಮೂರು ಕಿಲೋಮೀಟರ್ ಇಟ್ಟರೆ ಹೋಲಿಕೆ ಅನ್ಯಾಯವಾಗುತ್ತದೆ. ಹಾಕಿ, ಫುಟ್‌ಬಾಲ್ ಆಟಗಾರರ ದೂರ ಗೊತ್ತಾಗುವುದು ಬೆನ್ನಿಗೆ ಕಟ್ಟಿದ ಜಿಪಿಎಸ್‌ನಿಂದ. ಅದಕ್ಕೆ ಬೇರೆಯೇ ಪುಸ್ತಕ. ನೀರಜ್ ಚೋಪ್ರಾ ಅವರ 89.45 ಮೀಟರ್ ಜಾವೆಲಿನ್‌ನ ಖಾತೆಗೆ ಸೇರಿದ್ದು, ಅವರದಕ್ಕಲ್ಲ.

ರಿಲೇಯಲ್ಲಿ ಹೀಟ್ಸ್ ಓಡಿದವರೇ ಫೈನಲ್ ಓಡುತ್ತಾರೆಂದು ನಂಬಬೇಡಿ, ತಂಡದ ಪಟ್ಟಿ ನೋಡಿ. ಮ್ಯಾರಥಾನ್ ಅರ್ಧಕ್ಕೆ ಬಿಟ್ಟವರಿಗೆ, ಅವರ ಸಮಯ ದಾಖಲಾದ ಕೊನೆಯ ಗುರುತಿನವರೆಗಿನ ದೂರ ಬರೆದರೆ ಸಾಕು.

ಕೊನೆಗೆ ಖತಾವಣಿ. ಒಬ್ಬರಿಗೆ ಒಂದು ಪುಟ. ಎಲ್ಲ ಪುಟಗಳ ಮೊತ್ತ ಕಿರ್ದಿಯ ಮೊತ್ತಕ್ಕೆ ತಾಳೆಯಾಗಬೇಕು. ಆಗದಿದ್ದರೆ ಯಾವುದೋ ಹೀಟ್ಸ್ ಕೈತಪ್ಪಿದೆ. ಪ್ಯಾರಿಸ್‌ನಲ್ಲಿ ಸಿಫಾನ್ ಹಸನ್ ಅವರ ಪುಟಕ್ಕೆ ನಾಲ್ಕು ಸಾಲು: ಆಗಸ್ಟ್ 2 ಮತ್ತು 5ರಂದು ತಲಾ 5,000, 9ರಂದು 10,000, 11ರಂದು ಮ್ಯಾರಥಾನ್. ಮೊತ್ತ 62,195.

ಹಳೆಯ ಕೂಟಗಳನ್ನೂ ಬರೆಯುವ ಗೀಳು ಹತ್ತಿ 1952ರ ಹೆಲ್ಸಿಂಕಿಗೆ ಹೋದೆ. ಎಮಿಲ್ ಜಾಟೊಪೆಕ್: 10,000 ಮೀ. ಫೈನಲ್, 5,000 ಮೀ. ಹೀಟ್ಸ್, ಅದರ ಫೈನಲ್, ಆಮೇಲೆ ಮ್ಯಾರಥಾನ್. ಮೊತ್ತ 62,195. ಹಸನ್ ಪುಟವನ್ನೇ ತಪ್ಪಿ ನಕಲು ಮಾಡಿದೆನೇನೋ ಎಂದು ಎರಡೂ ಕಿರ್ದಿ ತೆರೆದು, ಎಂಟು ಸಾಲುಗಳ ಮೇಲೂ ಬೆರಳಿಟ್ಟು ಮತ್ತೆ ಕೂಡಿಸಿದೆ. ಸರಿಯಾಗಿಯೇ ಇತ್ತು.