ಕ್ಯಾಂಟೀನ್ ಬಿಲ್ಲಿನಿಂದ ಇನ್ವರ್ಸ್ ಕಲಿಸಿದ ನನ್ನ ಅನುಭವ

ಈ ಸಲದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನನ್ನ ಟ್ಯೂಷನ್ನಿನ 19 ಮಕ್ಕಳಲ್ಲಿ 17 ಮಂದಿ ಮ್ಯಾಟ್ರಿಕ್ಸ್ (ಸಾಲು, ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ ಪಟ್ಟಿ) ವಿಧಾನದ ಐದು ಅಂಕದ ಲೆಕ್ಕವನ್ನು ಪೂರ್ತಿ ಸರಿಯಾಗಿ ಬಿಡಿಸಿದರು. ಮೂರು ವರ್ಷದ ಹಿಂದೆ ಆರು ಜನ ದಾಟುತ್ತಿರಲಿಲ್ಲ. "ಬಿಲ್ಲು, ಇಡ್ಲಿ ಅಂತ ಕೂತರೆ ಪೋರ್ಷನ್ ಮುಗಿಯಲ್ಲ ಮಾರಾಯ್ರೇ" ಎಂದಿದ್ದ ಸಹೋದ್ಯೋಗಿಗಳೇ ಈಗ ನನ್ನ ಹಾಳೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸೆಕೆಂಡ್ ಪಿಯುಸಿಗೆ ಪಾಠ ಮಾಡುವವರಿಗೆ ಇನ್ವರ್ಸ್ (ಮ್ಯಾಟ್ರಿಕ್ಸ್ ಮಾಡಿದ್ದನ್ನು ಹಿಂದಕ್ಕೆ ತಿರುಗಿಸುವ ಮ್ಯಾಟ್ರಿಕ್ಸ್) ತೆಗೆಯುವ ಹಂತಗಳಾದ ಕೋಫ್ಯಾಕ್ಟರ್, ಅಡ್‌ಜಾಯಿಂಟ್ ವಿವರಿಸುವ ಅಗತ್ಯವಿಲ್ಲ. ಮಕ್ಕಳು ಅದನ್ನೆಲ್ಲ ಮಾಡುತ್ತಾರೆ. ಒಂದು ಮೈನಸ್ ಜಾರಿದರೆ ಮಾತ್ರ ಎಲ್ಲಿ ತಪ್ಪಿತು ಅಂತ ಹುಡುಕಲಾರರು, ಇನ್ವರ್ಸ್ ಮಾಡುವ ಕೆಲಸ ಏನು ಅನ್ನೋದೇ ಗೊತ್ತಿರುವುದಿಲ್ಲ.

ಮೊದಲ ವರ್ಷ ಸುಮಾರು 4,200 ರೂಪಾಯಿ ಕೊಟ್ಟು ಬಡಗಿಯಿಂದ ಮೊಳೆ ಹೊಡೆದ ನಾಲ್ಕು ಹಲಗೆ ಮಾಡಿಸಿದೆ. ರಬ್ಬರ್ ಬ್ಯಾಂಡ್ ಎಳೆದು ಆಕೃತಿ ತಿರುಗಿಸಿ ತೋರಿಸುವ ಆಸೆ. ಮಕ್ಕಳಿಗೆ ಖುಷಿಯಾಯಿತು, ಲೆಕ್ಕ ಬರಲಿಲ್ಲ. ಮರುವರ್ಷ ದರ್ಶಿನಿಯ ನಿಜವಾದ ಬಿಲ್ಲುಗಳನ್ನೇ ತಂದೆ. ಡಿಟರ್ಮಿನೆಂಟ್ (ಮ್ಯಾಟ್ರಿಕ್ಸಿನಿಂದ ಬರುವ ಒಂದು ಸಂಖ್ಯೆ, ಇನ್ವರ್ಸ್ ತೆಗೆಯುವಾಗ ಇದರಿಂದ ಭಾಗಿಸಬೇಕು) 17, 23 ಅಂತೆಲ್ಲ ಬಂದು ಭಿನ್ನರಾಶಿಗಳಲ್ಲೇ ಮುಳುಗಿದೆವು. ಆ ವರ್ಷ ಎಂಟು ಮಕ್ಕಳು ಬಿಟ್ಟುಹೋದರು. ತಲೆಗೆ ಆರು ಸಾವಿರ ಫೀಸು, ಹತ್ತಿರ ಹತ್ತಿರ 48 ಸಾವಿರ ಕೈಬಿಟ್ಟಿತು. ಮನೆಯಲ್ಲಿ ಆ ಬೇಸಗೆ ಬಹಳ ಬಿಗಿಯಾಗಿತ್ತು.

ಮೂರನೇ ಸಲ ಬಿಲ್ಲನ್ನು ನಾನೇ ಕಟ್ಟಿದೆ. ಮೂರು ಟೇಬಲ್. ಮೊದಲನೆಯದು 2 ಇಡ್ಲಿ, 1 ವಡೆ, 1 ಕಾಫಿ, ಬಿಲ್ಲು 62. ಎರಡನೆಯದು ಎಲ್ಲ ಒಂದೊಂದು, 47. ಮೂರನೆಯದು 2 ಇಡ್ಲಿ, 2 ವಡೆ, 1 ಕಾಫಿ, 82. ಸೂತ್ರ ಮುಟ್ಟದೆ ಬೆಲೆ ಹೇಳಿ ಅಂದೆ. ಮೊದಲನೆಯದರಲ್ಲಿ ಎರಡನೆಯದು ಕಳೆದರೆ ಇಡ್ಲಿ 15, ಅಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ಮೂರನೆಯದರಲ್ಲಿ ಮೊದಲನೆಯದು ಕಳೆದರೆ ವಡೆ 20. ಎರಡನೆಯದರ ಎರಡರಷ್ಟರಲ್ಲಿ ಮೂರನೆಯದು ಕಳೆದರೆ ಕಾಫಿ 12. ಈ ಮೂರು ಕಳೆಯುವಿಕೆಗಳನ್ನು, ಯಾವ ಬಿಲ್ಲು ಎಷ್ಟು ಸಲ ಅಂತ, ಸಾಲಾಗಿ ಬರೆಸಿದೆ: (1, −1, 0), (−1, 0, 1), (0, 2, −1). ಆಮೇಲೆ ಅಡ್‌ಜಾಯಿಂಟ್ ಹಾಕಿ ಮೂರು ಟೇಬಲ್ಲಿನ ತಿಂಡಿಗಳ ಎಣಿಕೆಯ ಮ್ಯಾಟ್ರಿಕ್ಸಿಗೆ ಇನ್ವರ್ಸ್ ತೆಗೆಸಿದೆ. ಅದೇ ಮೂರು ಸಾಲು ಬಂದವು! ಕೋಣೆ ಒಂದು ಕ್ಷಣ ಸುಮ್ಮನಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಹಾಗಾದ್ರೆ ಇನ್ವರ್ಸ್ ಅಂದ್ರೆ ಬಿಲ್ಲು ಹೇಗೆ ಕಳೀಬೇಕು ಅಂತ ಹೇಳೋ ಪಟ್ಟಿನಾ ಸಾರ್?" ಅಂದಳು. ಇಪ್ಪತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ನಾನೇ ಹೇಳಿರಲಿಲ್ಲ.

ಡಿಟರ್ಮಿನೆಂಟ್ ಸೊನ್ನೆಯಾಗುವುದೂ ಇಲ್ಲೇ ತಿಳಿಯುತ್ತದೆ. ಮೊದಲ ಎರಡು ಟೇಬಲ್‌ಗಳ ತಿಂಡಿ ಕೂಡಿಸಿದಷ್ಟನ್ನೇ ಮೂರನೆಯವರು ತಿಂದಿದ್ದರೆ ಅವರ ಬಿಲ್ಲಿನಿಂದ ಹೊಸದೇನೂ ಗೊತ್ತಾಗಲ್ಲ, ಬೆಲೆ ಹಲವು ರೀತಿ ಹೊಂದಬಹುದು. ಬಿಲ್ಲಿನ ಮೊತ್ತವೂ 62 ಮತ್ತು 47 ಸೇರಿ 109 ಆಗದೆ 115 ಆಗಿದ್ದರೆ ಗಲ್ಲಾದವರ ಲೆಕ್ಕ ತಪ್ಪು, ಪರಿಹಾರವೇ ಇಲ್ಲ.

ಡಿಟರ್ಮಿನೆಂಟ್ 1 ಅಥವಾ −1 ಬರುವ ಇಂಥ ಟೇಬಲ್‌ಗಳನ್ನು ಹತ್ತು ನಿಮಿಷದಲ್ಲಿ ಇಪ್ಪತ್ತು ತಯಾರಿಸುವ ದಾರಿ ನನಗೆ ಸಿಕ್ಕಿದೆ. ಐಡೆಂಟಿಟಿಯಿಂದ (ಕರ್ಣದಲ್ಲಿ 1, ಉಳಿದೆಡೆ ಸೊನ್ನೆ ಇರುವ ಮ್ಯಾಟ್ರಿಕ್ಸ್) ಶುರುಮಾಡಿ ಅಂತಷ್ಟೇ ಹೇಳುತ್ತೇನೆ, ಉಳಿದದ್ದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮೊಳೆ ಹಲಗೆಗಳೂ ಕೊನೆಗೆ ಕೆಲಸಕ್ಕೆ ಬಂದವು. (1, 0) ಬಿಂದುವನ್ನು ಎಡಕ್ಕೆ 90 ಡಿಗ್ರಿ ತಿರುಗಿಸಿ ಎಕ್ಸ್ ಅಕ್ಷದಲ್ಲಿ ಮಗುಚಿದರೆ ಕೆಳಗೆ (0, −1)ಗೆ ಹೋಗುತ್ತದೆ. ಮೊದಲು ಮಗುಚಿ ಆಮೇಲೆ ತಿರುಗಿಸಿದರೆ ಮೇಲೆ (0, 1). ಎ, ಬಿ ಎಂಬ ಎರಡು ಮ್ಯಾಟ್ರಿಕ್ಸ್ ಗುಣಿಸುವಾಗ ಎಬಿ, ಬಿಎ ಯಾಕೆ ಬೇರೆ ಅನ್ನೋದಕ್ಕೆ ಇದಕ್ಕಿಂತ ಹೆಚ್ಚು ಬೇಕಿಲ್ಲ.

ಒಂದು ಭಾನುವಾರ ಹಿಲ್ ಸೈಫರ್ (ಅಕ್ಷರಗಳನ್ನು ಸಂಖ್ಯೆ ಮಾಡಿ, ಕೀಲಿಯಾದ ಮ್ಯಾಟ್ರಿಕ್ಸಿನಿಂದ ಗುಣಿಸಿ, ಒಟ್ಟು ಅಕ್ಷರಗಳ ಸಂಖ್ಯೆಯಿಂದ ಭಾಗಿಸಿದ ಶೇಷ ಬರೆಯುವ ಗುಪ್ತಲಿಪಿ) ಹಿಡಿದು ಕೂತೆವು. ಲೆಸ್ಟರ್ ಹಿಲ್ 1929ರಲ್ಲಿ ಇಂಗ್ಲಿಷಿನ 26 ಅಕ್ಷರಕ್ಕೆ ಮಾಡಿದ್ದನ್ನು ನಮ್ಮ 49 ವರ್ಣಗಳಿಗೆ ಹಾಕಿದೆವು. 'ಕಿ'ಯನ್ನು ಕ್, ಇ ಅಂತ ಬಿಡಿಸಿಕೊಂಡೆವು. ಮೊದಲ ಕೀಲಿ (4, 2), (1, 4). ಗುಪ್ತ ಸಂದೇಶ ಹೋಯಿತು, ಮರಳಿ ಬಿಡಿಸಲಾಗಲೇ ಇಲ್ಲ. ಸಂಜೆಯವರೆಗೆ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಡಿಟರ್ಮಿನೆಂಟ್ 14. 49 ಅಂದರೆ ಏಳು ಏಳಲಿ, 14ರಲ್ಲೂ ಏಳಿದೆ, ಹಾಗಾಗಿ ಇನ್ವರ್ಸ್ ಇಲ್ಲ. ಕೊನೆಯ 4 ತೆಗೆದು 3 ಹಾಕಿದೆವು, ಡಿಟರ್ಮಿನೆಂಟ್ 10 ಆಯಿತು, ಸಂದೇಶ ತೆರೆಯಿತು.

ಮ್ಯಾಟ್ರಿಕ್ಸಿಗೆ ಮಾತೃಕೆ ಅನ್ನುವ ನಮ್ಮ ಪದವೂ ಮಕ್ಕಳಿಗೆ ಹಿಡಿಸಿತು. ಗಣಿತಜ್ಞ ಸಿಲ್ವೆಸ್ಟರ್ 1850ರಲ್ಲಿ ಆರಿಸಿದ ಲ್ಯಾಟಿನ್ ಪದದ ಅರ್ಥ ಗರ್ಭ, ಅದರ ಮೂಲದಲ್ಲೂ ತಾಯಿಯೇ ಇದ್ದಾಳೆ.

ಈ ವಿಧಾನಕ್ಕೆ ನನಗೆ ಹಿಡಿದದ್ದು ನಾಲ್ಕು ಹೆಚ್ಚುವರಿ ತರಗತಿ, ಜೆರಾಕ್ಸಿಗೆ 180 ರೂಪಾಯಿ. ಜೂನಿನಲ್ಲಿ ನಾಲ್ಕನೇ ಟೇಬಲ್‌ಗೆ ಕೇಸರಿಬಾತು ಬಡಿಸಿ, ಬಿಲ್ಲು ಕಳೆದೇ ನಾಲ್ಕು ಬೆಲೆ ಹುಡುಕಿಸುತ್ತೇನೆ.